ಜೀನ್ ವರದಿಯಲ್ಲಿ 91 ಅಂತ ಬಂದಿದೆ, ನನಗೆ ಹಾರ್ಟ್ ಅಟ್ಯಾಕ್ ಆಗುತ್ತಾ?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ ಅಡಿಕೆ ಕೃಷಿಕ. ವಯಸ್ಸು 49. ಅಪ್ಪ 52ನೇ ವಯಸ್ಸಿನಲ್ಲಿ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. ಬೆಂಗಳೂರಿನಲ್ಲಿರುವ ಮಗ ಉಗುಳು ತುಂಬಿಸಿ ಕಳಿಸುವ ಜೀನ್ ಪರೀಕ್ಷೆಯ ಕಿಟ್ ತರಿಸಿಕೊಟ್ಟ. ವರದಿಯಲ್ಲಿ ಹೃದ್ರೋಗಕ್ಕೆ ಕೆಂಪು ಬಣ್ಣದಲ್ಲಿ "91ನೇ ಪರ್ಸೆಂಟೈಲ್, ಸರಾಸರಿಗಿಂತ 1.8 ಪಟ್ಟು" ಅಂತ ಇದೆ. ಸಕ್ಕರೆ ಕಾಯಿಲೆಗೆ ಹಸಿರು ಬಣ್ಣದಲ್ಲಿ "ಕಡಿಮೆ". ಆದರೆ ಹೋದ ತಿಂಗಳು ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ) 6.3 ಬಂದಿದೆ. ಹೆದರಿ ಇನ್ನೊಂದು ಕಂಪೆನಿಯಲ್ಲೂ ಮಾಡಿಸಿದೆ. ಅವರು ಹೃದ್ರೋಗದ ಅಪಾಯ "ಸಾಧಾರಣ" ಅನ್ನುತ್ತಾರೆ. ಯಾವುದು ಸರಿ? ಆಂಜಿಯೋಗ್ರಾಮ್ ಮಾಡಿಸಲಾ? ಮೊದಲ ವರದಿಯ 23ನೇ ಪುಟದಲ್ಲಿ ಕ್ಲೋಪಿಡೋಗ್ರೆಲ್ ಎಂಬ ಮಾತ್ರೆಗೆ ನಾನು "ಪೂರ್ ಮೆಟಬಲೈಸರ್" ಅಂತಲೂ ಇದೆ. ನನ್ನ ತಮ್ಮನಿಗೆ ನಾಲ್ಕು ತಿಂಗಳ ಹಿಂದೆ ಸ್ಟೆಂಟ್ ಹಾಕಿದ್ದಾರೆ, ಅವನು ತಿನ್ನುವುದು ಅದೇ ಮಾತ್ರೆ. ನಿಲ್ಲಿಸಲು ಹೇಳಲಾ? ಮಗಳಿಗೆ ಸಂಬಂಧ ನೋಡುತ್ತಿದ್ದೇವೆ. ಅವಳಿಗೂ ಈ ಪರೀಕ್ಷೆ ಮಾಡಿಸಬೇಕಾ?

ಉತ್ತರ: ಮೊದಲು ತಮ್ಮನ ವಿಷಯ. ದಯವಿಟ್ಟು ಅವರ ಮಾತ್ರೆ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿ ನಾಲ್ಕೇ ತಿಂಗಳಾಗಿರುವಾಗ ಈ ಮಾತ್ರೆಯನ್ನು ಏಕಾಏಕಿ ಬಿಟ್ಟರೆ ಸ್ಟೆಂಟಿನ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಅದು ಜೀವಕ್ಕೇ ಬರುವ ಸಂಗತಿ. ಬದಲಾಯಿಸುವುದಿದ್ದರೆ ಸ್ಟೆಂಟ್ ಹಾಕಿದ ಡಾಕ್ಟರೇ ಬದಲಾಯಿಸಬೇಕು. ಇದರ ಬಗ್ಗೆ ಮುಂದೆ ಬಿಡಿಸಿ ಹೇಳುತ್ತೇನೆ. ನನ್ನ ಪ್ರಕಾರ ನಿಮ್ಮ ವರದಿಯಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಆ ಕೆಂಪು ಪುಟವಲ್ಲ, 23ನೇ ಪುಟದ ಆ ಸಣ್ಣ ಸಾಲು.

ನಾನು ಡಾಕ್ಟರಲ್ಲ. ಮೆಡಿಕಲ್ ಕಾಲೇಜಿನಲ್ಲಿ ಡಾಕ್ಟರುಗಳಿಗೆ ಸಂಖ್ಯಾಶಾಸ್ತ್ರ ಕಲಿಸುತ್ತಾ, ಅವರ ಸಂಶೋಧನೆಗೆ ಲೆಕ್ಕ ಮಾಡಿಕೊಡುತ್ತಾ ಬಂದವನು. ಊರು ಪೆರ್ಲದ ಕಡೆ. ಹಾಗಾಗಿ ನಿಮ್ಮ ಕಷ್ಟ ಗೊತ್ತು. ನಮ್ಮಲ್ಲಿ ಸರಕಾರಿ ಆಸ್ಪತ್ರೆಯ ಸೂಚನೆ ಮಲಯಾಳದಲ್ಲಿ, ಇಂಥ ಖಾಸಗಿ ವರದಿ ಇಂಗ್ಲಿಷಿನಲ್ಲಿ. ನಡುವೆ ಕನ್ನಡ ಓದುವವರು ಬಣ್ಣ ನೋಡಿ ಅರ್ಥ ಮಾಡಿಕೊಳ್ಳಬೇಕು. ಕೆಂಪು ಅಂದ್ರೆ ಹೆದರಿಕೆ, ಹಸಿರು ಅಂದ್ರೆ ಇನ್ನೊಂದು ಲೋಟ ಪಾಯಸ.

91 ಅಂದ್ರೆ ಏನು ಅಂತ ಮೊದಲು ನೋಡೋಣ. ಇದನ್ನು ಹೆಚ್ಚಿನವರು "ನೂರಕ್ಕೆ 91 ಪಾಲು ಅಟ್ಯಾಕ್ ಆಗುತ್ತೆ" ಅಂತ ಓದಿಕೊಳ್ಳುತ್ತಾರೆ. ನಿಮ್ಮ ಮಗನೂ ಹಾಗೇ ಓದಿರಬೇಕು, ಇಲ್ಲದಿದ್ರೆ ಇಷ್ಟು ಗಾಬರಿ ಇರುತ್ತಿರಲಿಲ್ಲ. ಅದರ ಅರ್ಥ ಅದಲ್ಲ. ನೂರು ಜನರನ್ನು ಜೀನ್ ಅಂಕದ ಪ್ರಕಾರ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿದರೆ ನೀವು 91ನೆಯವರು, ಅಷ್ಟೆ. ಸಾಲಿನಲ್ಲಿ ಎಲ್ಲಿ ನಿಂತಿದ್ದೀರಿ ಅಂತ ಅದು ಹೇಳುತ್ತದೆ. ಆ ಸಾಲಿನಲ್ಲಿ ಎಷ್ಟು ಜನಕ್ಕೆ ಕಾಯಿಲೆ ಬರುತ್ತದೆ ಅಂತ ಹೇಳುವುದಿಲ್ಲ.

ಅದಕ್ಕೆ ಇನ್ನೊಂದು ಸಂಖ್ಯೆ ಬೇಕು. ಲೆಕ್ಕಕ್ಕೆ ಅಂತ ಹೀಗೆ ಇಟ್ಟುಕೊಳ್ಳಿ: ನಿಮ್ಮ ವಯಸ್ಸಿನ, ನಿಮ್ಮಂಥ ಬಿಪಿ, ಕೊಲೆಸ್ಟ್ರಾಲ್ ಇರುವ ನೂರು ಗಂಡಸರಲ್ಲಿ ಮುಂದಿನ ಹತ್ತು ವರ್ಷದಲ್ಲಿ 5 ಜನಕ್ಕೆ ಹೃದಯದ ತೊಂದರೆ ಬರುತ್ತದೆ. ಅದರ 1.8 ಪಟ್ಟು ಅಂದರೆ 9. ನೂರರಲ್ಲಿ 9 ಜನಕ್ಕೆ ತೊಂದರೆ, ಉಳಿದ 91 ಜನಕ್ಕೆ ಹತ್ತು ವರ್ಷದಲ್ಲಿ ಏನೂ ಆಗುವುದಿಲ್ಲ. ನೋಡಿ, ಅದೇ 91. ಒಂದು ಕಡೆ ನಿದ್ದೆ ಕೆಡಿಸುತ್ತದೆ, ಇನ್ನೊಂದು ಕಡೆ ಸಮಾಧಾನ ಕೊಡುತ್ತದೆ. ಕಂಪೆನಿಯವರು ಯಾವ 91 ಅನ್ನು ದೊಡ್ಡ ಅಕ್ಷರದಲ್ಲಿ ಹಾಕಿದ್ದಾರೆ ಅಂತ ನಾನು ಹೇಳಬೇಕಾಗಿಲ್ಲ.

ಹಾಗಂತ 5 ಇದ್ದದ್ದು 9 ಆಗುವುದು ಸಣ್ಣ ವಿಷಯ ಅಂತಲ್ಲ. ಆದರೆ 1.8 ಪಟ್ಟು ಅನ್ನುವುದಕ್ಕೆ "ಯಾವುದರ" ಅನ್ನುವುದು ಗೊತ್ತಿಲ್ಲದೆ ಬೆಲೆ ಇಲ್ಲ. ಅಡಿಕೆ ರೇಟು ಎರಡು ಪಟ್ಟು ಆಯಿತು ಅಂದರೆ ಹಿಂದೆ ಎಷ್ಟಿತ್ತು ಅಂತ ಮೊದಲು ಕೇಳುತ್ತೀರಿ, ಅಲ್ವಾ?

ಇನ್ನು ಈ ಅಂಕ ಬರುವುದು ಹೇಗೆ? ನಮ್ಮ ಡಿಎನ್‌ಎ ಸುಮಾರು 300 ಕೋಟಿ ಅಕ್ಷರಗಳ ಸರಪಳಿ. ಅದರಲ್ಲಿ ಜನರಿಂದ ಜನರಿಗೆ ಬದಲಾಗುವ ಲಕ್ಷಾಂತರ ಜಾಗಗಳಿವೆ. ಕಾಯಿಲೆ ಇದ್ದವರನ್ನೂ ಇಲ್ಲದವರನ್ನೂ ಹೋಲಿಸಿ, ಯಾವ ಜಾಗದಲ್ಲಿ ಯಾವ ಅಕ್ಷರ ಇದ್ದರೆ ಕಾಯಿಲೆ ಚೂರು ಜಾಸ್ತಿ ಅಂತ ಲೆಕ್ಕ ಹಾಕುತ್ತಾರೆ. ಒಂದೊಂದು ಅಕ್ಷರದ ತೂಕ ತೀರಾ ಸಣ್ಣದು, ಸಾಸಿವೆಯಷ್ಟು. ಸಾವಿರಗಟ್ಟಲೆ, ಕೆಲವೊಮ್ಮೆ ಲಕ್ಷಗಟ್ಟಲೆ ಸಾಸಿವೆ ಕೂಡಿಸಿದಾಗ ನಿಮ್ಮ ಅಂಕ ಸಿಗುತ್ತದೆ.

ಇದು ಆಸ್ಪತ್ರೆಯಲ್ಲಿ ಹುಟ್ಟಿದ ವಿದ್ಯೆ ಅಲ್ಲ. ಎತ್ತರ, ತೂಕ, ಇಳುವರಿಯಂಥ ಗುಣಗಳ ಹಿಂದೆ ಸಣ್ಣ ಸಣ್ಣ ಪರಿಣಾಮದ ಅನೇಕ ಅಂಶಗಳಿರಬಹುದು ಅಂತ ಆರ್. ಎ. ಫಿಶರ್ 1918ರಲ್ಲೇ ಲೆಕ್ಕದಲ್ಲಿ ತೋರಿಸಿದ್ದರು. ಅದನ್ನು ಚೆನ್ನಾಗಿ ಬಳಸಿಕೊಂಡವರು ದನ ಮತ್ತು ಬೆಳೆಗಳ ತಳಿ ಮಾಡುವವರು. ನಮ್ಮ ಜಿಲ್ಲೆಗೆ ಇದು ಹೊಸತೂ ಅಲ್ಲ. ನೀಲೇಶ್ವರದಲ್ಲಿ 1930ರ ದಶಕದಲ್ಲೇ ಎತ್ತರದ ಮತ್ತು ಗಿಡ್ಡ ತೆಂಗನ್ನು ಕೂಡಿಸಿ ಮಿಶ್ರತಳಿ ಮಾಡಿದ್ದರು. ನಿಮ್ಮಲ್ಲೂ ಯಾರಾದರೂ ಕಾಸರಗೋಡಿನ ತೋಟಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಗೆ ಹೋಗಿ ತೆಂಗಿನ ಸಸಿ ತಂದಿರಬಹುದು. ತಾಯಿ ಮರವನ್ನು ಒಂದು ವರ್ಷದ ಫಸಲು ನೋಡಿ ಆರಿಸುವುದಿಲ್ಲ ಅಂತ ಅಲ್ಲಿಯವರು ಹೇಳುತ್ತಾರೆ. ಒಂದು ವರ್ಷ ವಿಪರೀತ ಕಾಯಿ ಬಿಟ್ಟ ಮರದಲ್ಲಿ ತಳಿಯ ಗುಣವೂ ಇರುತ್ತದೆ, ಆ ವರ್ಷದ ಮಳೆ, ಗೊಬ್ಬರ, ಅದೃಷ್ಟವೂ ಇರುತ್ತದೆ. ಸಸಿಗೆ ಹೋಗುವುದು ಮೊದಲನೆಯದು ಮಾತ್ರ.

ತೊಡಕು ಇರುವುದು ಬೇರೆ ಕಡೆ. ಆ ಸಾಸಿವೆಗಳನ್ನು ತೂಗಿದ್ದು ಯಾರ ಮೈಯಲ್ಲಿ? 2019ರಲ್ಲಿ ಪ್ರಕಟವಾದ ಒಂದು ಲೆಕ್ಕದ ಪ್ರಕಾರ, ಇಂಥ ಜೀನ್ ಅಧ್ಯಯನಗಳಲ್ಲಿ ಸೇರಿದ್ದವರಲ್ಲಿ ನೂರಕ್ಕೆ ಸುಮಾರು 79 ಜನ ಯುರೋಪ್ ಮೂಲದವರು. ಹೋಲ್‌ಸ್ಟೀನ್ ದನಗಳ ಮೇಲೆ ಮಾಡಿದ ಸೂತ್ರ ಹಿಡಿದು ಕಾಸರಗೋಡು ಗಿಡ್ಡದ ಹಾಲು ಎಷ್ಟು ಅಂತ ಹೇಳಲು ಹೊರಟರೆ ನೀವು ನಗುತ್ತೀರಿ. ಮನುಷ್ಯರಲ್ಲಿ ವ್ಯತ್ಯಾಸ ಅಷ್ಟು ದೊಡ್ಡದಲ್ಲ, ನಿಜ. ಆದರೆ ಸೂತ್ರ ಮಂಕಾಗುವಷ್ಟು ಇದೆ.

ಯಾಕೆ ಮಂಕಾಗುತ್ತದೆ? ಪರೀಕ್ಷೆಗೆ ಬಳಸುವ ಚಿಪ್ ಓದುವ ಅಕ್ಷರಗಳಲ್ಲಿ ಹೆಚ್ಚಿನವು ಕಾಯಿಲೆಗೆ ಕಾರಣವಾದವುಗಳಲ್ಲ. ಕಾರಣವಾದ ಅಕ್ಷರದ ನೆರೆಹೊರೆಯವು, ಬರೀ ಗುರುತು. "ಅಶ್ವತ್ಥಕಟ್ಟೆಯ ಪಕ್ಕದ ಮನೆ" ಅಂತ ನಾವು ದಾರಿ ಹೇಳುವುದಿಲ್ಲವೇ, ಹಾಗೆ. ನಮ್ಮೂರಲ್ಲಿ ಆ ಗುರುತು ಹಿಡಿದು ಹೋದವರು ಸರಿಯಾದ ಮನೆಗೇ ತಲಪುತ್ತಾರೆ. ಅದೇ ಚೀಟಿ ಹಿಡಿದು ಇನ್ನೊಂದು ಊರಿಗೆ ಹೋದರೆ ಅಲ್ಲಿಯೂ ಒಂದು ಕಟ್ಟೆ ಇರುತ್ತದೆ, ಪಕ್ಕದ ಮನೆ ಮಾತ್ರ ಬೇರೆಯವರದು. ಯುರೋಪಿನವರಲ್ಲಿ ಒಟ್ಟಿಗೆ ಸಾಗುವ ಅಕ್ಷರಗಳು ನಮ್ಮಲ್ಲಿ ಅಷ್ಟೇ ಬಿಗಿಯಾಗಿ ಒಟ್ಟಿಗೆ ಸಾಗಬೇಕೆಂದಿಲ್ಲ. ನಮ್ಮ ದೇಶದವರ ಜೀನ್ ಓದುವ ಕೆಲಸವೂ ಶುರುವಾಗಿದೆ. ಜೀನೋಮ್ ಇಂಡಿಯಾ ಯೋಜನೆಯಲ್ಲಿ 10,000 ಜನರ ಜೀನೋಮ್ ಓದಿ, 2025ರ ಜನವರಿಯಲ್ಲಿ ಅದನ್ನು ಸಂಶೋಧಕರಿಗೆ ತೆರೆದಿಟ್ಟರು. ಆದರೆ ಇಂಥ ಅಂಕ ಮಾಡಲು ಬರೀ ಜೀನ್ ಸಾಲದು. ಯಾರಿಗೆ ಯಾವಾಗ ಏನಾಯಿತು ಅಂತ ವರ್ಷಗಟ್ಟಲೆ ಹಿಂಬಾಲಿಸಿ ಬರೆದಿಟ್ಟ ದಾಖಲೆ ಬೇಕು. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 5,209 ಜನರನ್ನು 1948ರಿಂದ ಹಾಗೆ ಹಿಂಬಾಲಿಸಿದ್ದಕ್ಕೇ ಇವತ್ತು ಬಿಪಿ, ಸಿಗರೇಟು, ಕೊಲೆಸ್ಟ್ರಾಲ್ ಬಗ್ಗೆ ಡಾಕ್ಟರು ಅಷ್ಟು ಧೈರ್ಯದಲ್ಲಿ ಮಾತಾಡುವುದು.

ಎರಡು ಕಂಪೆನಿಗಳ ಉತ್ತರ ಬೇರೆ ಯಾಕೆ ಅನ್ನುವುದಕ್ಕೆ ಕಾರಣ ಇಲ್ಲೇ ಇದೆ. ಅವರು ಆರಿಸಿಕೊಂಡ ಅಕ್ಷರಗಳು ಬೇರೆ, ತೂಕ ಬೇರೆ, ನಿಮ್ಮನ್ನು ಯಾರ ಸಾಲಿನಲ್ಲಿ ನಿಲ್ಲಿಸಿದರು ಅನ್ನುವುದೂ ಬೇರೆ. ಸಾಲು ಬದಲಾದರೆ 91 ಇದ್ದದ್ದು 60 ಆಗಬಹುದು, ನಿಮ್ಮ ಮೈಯಲ್ಲಿ ಒಂದು ಅಕ್ಷರವೂ ಬದಲಾಗದೆ. ಹಾಗಾಗಿ ಯಾವುದು ಸರಿ ಅಂತ ನಾನು ತೀರ್ಪು ಕೊಡಲಾರೆ. ಮೂರನೆಯ ಕಡೆ ಮಾಡಿಸಿ ಬಹುಮತ ನೋಡುವ ಯೋಚನೆ ಇದ್ದರೆ ಬೇಡ. ಆ ದುಡ್ಡಲ್ಲಿ ಒಳ್ಳೆಯ ಬಿಪಿ ಮೆಷಿನ್ ತನ್ನಿ.

ಇಂಥ ಅಂಕಗಳೆಲ್ಲ ಸುಮ್ನೆ ಅಂತಲೂ ಅಲ್ಲ. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ದಾಖಲೆ ಇಟ್ಟುಕೊಂಡು 2018ರಲ್ಲಿ ಪ್ರಕಟವಾದ ಕೆಲಸವೊಂದರಲ್ಲಿ, ಅಂಕ ತೀರಾ ಜಾಸ್ತಿ ಇದ್ದ ನೂರಕ್ಕೆ 8 ಜನರಲ್ಲಿ ಹೃದ್ರೋಗದ ಅಪಾಯ ಉಳಿದವರ ಮೂರು ಪಟ್ಟು ಅಥವಾ ಅದಕ್ಕಿಂತ ಜಾಸ್ತಿ ಕಂಡಿತು. ಡಾಕ್ಟರಿಗೆ ಮಾತ್ರೆ ಶುರು ಮಾಡಲಾ ಬೇಡವಾ ಅಂತ ತಕ್ಕಡಿ ಸಮ ನಿಂತಾಗ ಇದು ಒಂದು ಕಡೆಗೆ ವಾಲಿಸಬಹುದು. ಅಷ್ಟರ ಮಟ್ಟಿಗೆ ನಾನು ಒಪ್ಪುತ್ತೇನೆ. ನಿಮ್ಮ ವಿಷಯದಲ್ಲಿ ಇನ್ನೊಂದು ಸಂಗತಿ ಇದೆ: ಅಪ್ಪ 52ಕ್ಕೆ ಹೋದರು ಅನ್ನುವುದರಲ್ಲೇ ಆ ಅಂಕದ ಒಂದು ಪಾಲು ಅಡಗಿದೆ. ಎರಡನ್ನೂ ಬೇರೆ ಬೇರೆ ಇಟ್ಟು ಗುಣಿಸಿದರೆ ಒಂದೇ ಸಾಲವನ್ನು ಎರಡು ಸಲ ಬರೆದ ಹಾಗಾಗುತ್ತದೆ.

ಸೂತ್ರಗಳು ಊರು ಬಿಟ್ಟರೆ ಏನಾಗುತ್ತವೆ ಅನ್ನುವುದನ್ನು ನಾನೂ ಕೈ ಸುಟ್ಟುಕೊಂಡು ಕಲಿತವನು. ಹೃದಯದ ಕವಾಟ ಬದಲಾಯಿಸಿದವರು ರಕ್ತ ಹೆಪ್ಪುಗಟ್ಟದ ಹಾಗೆ ತಿನ್ನುವ ಅಸಿಟ್ರಾಮ್ ಮಾತ್ರೆ ಗೊತ್ತಲ್ಲ, ಒಬ್ಬರಿಗೆ ಒಂದು ಸಾಕು, ಇನ್ನೊಬ್ಬರಿಗೆ ನಾಲ್ಕು ಬೇಕು. ವಯಸ್ಸು, ತೂಕ, ಉಳಿದ ಮಾತ್ರೆಗಳು ಇದನ್ನೆಲ್ಲ ಹಾಕಿ ಡೋಸ್ ಹೇಳುವ ಸೂತ್ರವೊಂದನ್ನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಾಡಿದ್ದೆ. ಬೇಸಿಗೆಯಲ್ಲಿ ಕೂಡಿಸಿದ ದಾಖಲೆಗೆ ಅದು ಚಂದ ಹೊಂದುತ್ತಿತ್ತು. ಜುಲೈ, ಆಗಸ್ಟಿನಲ್ಲಿ ಬಂದವರಿಗೆ ಹಾಕಿ ನೋಡಿದರೆ ಲೆಕ್ಕ ತಪ್ಪತೊಡಗಿತು. ನಾನು ಕಂಪ್ಯೂಟರಿನಲ್ಲಿ ತಪ್ಪು ಹುಡುಕುತ್ತಾ ಕೂತಿದ್ದೆ. ವಾರ್ಡಿನ ಹಿರಿಯ ನರ್ಸ್ ಒಬ್ಬರು ಕೇಳಿದರು: "ಸಾರ್, ಇದು ಆಟಿ ತಿಂಗಳಲ್ವಾ? ಮನೆಮನೆಯಲ್ಲಿ ಪತ್ರೊಡೆ, ತಜಂಕು." ಪತ್ರೊಡೆಗೆ ಹಾಕುವ ಕೆಸುವಿನ ಎಲೆಯಂಥ ಸೊಪ್ಪಿನಲ್ಲಿ ವಿಟಮಿನ್ ಕೆ ಜಾಸ್ತಿ, ಅದು ಅಸಿಟ್ರಾಮಿಗೆ ಉಲ್ಟಾ ಕೆಲಸ ಮಾಡುತ್ತದೆ. ಅದೊಂದೇ ಕಾರಣ ಅಂತ ನಾನು ಸಾಬೀತು ಮಾಡಲಿಲ್ಲ. ಆದರೆ ನನ್ನ ಸೂತ್ರದಲ್ಲಿ ಪತ್ರೊಡೆಗೆ ಒಂದು ಕಾಲಂ ಇರಲಿಲ್ಲ ಅನ್ನುವುದಂತೂ ನಿಜ.

ದೊಡ್ಡವರಿಗೂ ಹೀಗಾಗಿದೆ. ಅಸಿಟ್ರಾಮಿನದೇ ಜಾತಿಯ ವಾರ್ಫರಿನ್ ಮಾತ್ರೆಯ ಡೋಸನ್ನು ಜೀನ್ ನೋಡಿ ನಿರ್ಧರಿಸುವ ಎರಡು ಪ್ರಯೋಗಗಳ ಫಲಿತಾಂಶ 2013ರಲ್ಲಿ ಬಂತು. ಬ್ರಿಟನ್ ಮತ್ತು ಸ್ವೀಡನ್ನಿನಲ್ಲಿ ನಡೆದದ್ದರಲ್ಲಿ ಲಾಭ ಕಂಡಿತು. ಅಮೆರಿಕದಲ್ಲಿ ನಡೆದದ್ದರಲ್ಲಿ ಒಟ್ಟಾರೆ ಲಾಭ ಕಾಣಲಿಲ್ಲ, ಕಪ್ಪು ಜನರಲ್ಲಿ ಜೀನ್ ಸೂತ್ರ ಮಾಮೂಲಿ ಸೂತ್ರಕ್ಕಿಂತ ಕೆಟ್ಟದಾಗಿ ಕೆಲಸ ಮಾಡಿತು. "ನಿಮಗಾಗಿಯೇ" ಅಂತ ಬರೆದು ಕೊಡುವ ಔಷಧಿಯ ಲೆಕ್ಕ ಕೂಡ ಕೊನೆಗೆ ನಿಮ್ಮಂಥವರ ಸರಾಸರಿಯೇ. ಆ "ನಿಮ್ಮಂಥವರು" ಯಾರು ಅನ್ನುವುದೇ ಕೇಳಬೇಕಾದ ಪ್ರಶ್ನೆ.

ಈಗ 23ನೇ ಪುಟಕ್ಕೆ ಬರೋಣ. ಇಲ್ಲಿ ಲಕ್ಷ ಸಾಸಿವೆ ಇಲ್ಲ, ಒಂದೇ ಜೀನ್, ಅದರ ಕೆಲಸವೂ ಗೊತ್ತಿರುವಂಥದು. ಕ್ಲೋಪಿಡೋಗ್ರೆಲ್ ನುಂಗಿದ ರೂಪದಲ್ಲಿ ಕೆಲಸ ಮಾಡುವುದಿಲ್ಲ. ಗೊನೆಯಲ್ಲಿರುವ ಹಣ್ಣಡಿಕೆಯ ಹಾಗೆ, ಒಣಗಿಸಿ ಸುಲಿದ ಮೇಲೇ ಅದಕ್ಕೆ ಬೆಲೆ. ಆ ಕೆಲಸ ಮಾಡುವುದು ಲಿವರಿನಲ್ಲಿರುವ ಸಿವೈಪಿ2ಸಿ19 ಎಂಬ ಕಿಣ್ವ. ಅದನ್ನು ಮಾಡುವ ಜೀನಿನ ಎರಡೂ ಪ್ರತಿ ಕೆಟ್ಟಿದ್ದರೆ "ಪೂರ್ ಮೆಟಬಲೈಸರ್", ಅಂದರೆ ಮಾತ್ರೆ ತಿಂದರೂ ಪ್ರಯೋಜನ ಕಡಿಮೆ. ಅಮೆರಿಕದ ಔಷಧ ನಿಯಂತ್ರಕರು 2010ರಲ್ಲೇ ಈ ಮಾತ್ರೆಯ ಲೇಬಲಿಗೆ ಎಚ್ಚರಿಕೆಯ ಚೌಕ ಹಾಕಿಸಿದ್ದಾರೆ. ನಮ್ಮ ಉಪಖಂಡದವರಲ್ಲಿ ಇದು ಅಪರೂಪವಲ್ಲ. ಬ್ರಿಟನ್ನಿನಲ್ಲಿರುವ ಬಾಂಗ್ಲಾದೇಶ, ಪಾಕಿಸ್ತಾನ ಮೂಲದವರ ಅಧ್ಯಯನದಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಕನಿಷ್ಠ ಒಂದು ಪ್ರತಿಯಾದರೂ ಕೆಟ್ಟಿತ್ತು.

ಆದರೆ ಆ ಸಾಲು ನಿಮ್ಮದು, ತಮ್ಮನದಲ್ಲ. ನಿಮ್ಮ ಎರಡೂ ಪ್ರತಿ ಕೆಟ್ಟಿದ್ದರೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬಂದಿರಬೇಕು. ಇಬ್ಬರಲ್ಲೂ ಒಂದೊಂದೇ ಕೆಟ್ಟ ಪ್ರತಿ ಇತ್ತು ಅಂದುಕೊಂಡರೂ ತಮ್ಮನಿಗೆ ಎರಡೂ ಕೆಟ್ಟದ್ದೇ ಸಿಕ್ಕಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದೇ ಒಂದು ಸಿಕ್ಕಿರುವುದು ನಾಲ್ಕರಲ್ಲಿ ಎರಡು. ಅಪ್ಪ ಅಮ್ಮನಲ್ಲಿ ಯಾರಿಗಾದರೂ ಎರಡೂ ಕೆಟ್ಟಿದ್ದಿದ್ದರೆ ಇನ್ನೂ ಜಾಸ್ತಿ. ಡಾಕ್ಟರಿಗೆ ತಿಳಿಸಲೇಬೇಕಾದಷ್ಟು ದೊಡ್ಡ ಸಾಧ್ಯತೆ ಇದು, ತಾನಾಗಿ ಮಾತ್ರೆ ಬಿಡುವಷ್ಟು ಖಚಿತವಲ್ಲ.

ಡಾಕ್ಟರು ಏನು ಮಾಡಬಹುದು? ತಮ್ಮನಿಗೆ ಆಸ್ಪತ್ರೆಯ ಮಟ್ಟದ ಲ್ಯಾಬಿನಲ್ಲಿ ಈ ಒಂದು ಜೀನ್ ಪರೀಕ್ಷೆ ಮಾಡಿಸಬಹುದು. ಕಿಟ್‌ನ ಚಿಪ್ ಒಂಟಿ ಅಕ್ಷರವನ್ನು ತಪ್ಪಾಗಿ ಓದುವುದೂ ಉಂಟು, ಅದಕ್ಕೆ ಲ್ಯಾಬ್ ಬೇಕು. ಕೆಟ್ಟಿದೆ ಅಂತ ಬಂದರೆ ಟಿಕಾಗ್ರೆಲೋರ್ ಅಥವಾ ಪ್ರಸುಗ್ರೆಲ್‌ಗೆ ಬದಲಾಯಿಸಬಹುದು. ಅವುಗಳಿಗೆ ಅವುಗಳದೇ ತೊಂದರೆ ಇದೆ. ರಕ್ತಸ್ರಾವದ ಅಪಾಯ ಜಾಸ್ತಿ. ಟಿಕಾಗ್ರೆಲೋರ್ ಕೆಲವರಿಗೆ ಉಸಿರು ಕಟ್ಟಿದ ಹಾಗೆ ಮಾಡುತ್ತದೆ. ಹಿಂದೆ ಸ್ಟ್ರೋಕ್ ಆದವರಿಗೆ ಪ್ರಸುಗ್ರೆಲ್ ಕೊಡುವುದಿಲ್ಲ. ಸ್ಟೆಂಟ್ ಹಾಕಿದ ಎಲ್ಲರಿಗೂ ಈ ಜೀನ್ ಪರೀಕ್ಷೆ ಬೇಕಾ ಅನ್ನುವುದರಲ್ಲಿ ಹೃದ್ರೋಗ ತಜ್ಞರಲ್ಲೇ ಒಮ್ಮತ ಇಲ್ಲ. ಹಾಗಾಗಿ "ಬೇಡ, ಈಗಿನದೇ ಮುಂದುವರಿಸಿ" ಅಂತ ಡಾಕ್ಟರು ಹೇಳಿದರೆ ಅದು ಉದಾಸೀನ ಅಂದುಕೊಳ್ಳಬೇಡಿ, ಕಾರಣ ಕೇಳಿ.

ಇನ್ನು ನಿಮ್ಮ ಸಕ್ಕರೆ. ಹಸಿರು ಬಣ್ಣ ಮರೆತುಬಿಡಿ. ಮಳೆ ಇಲ್ಲ ಅಂತ ರೇಡಿಯೋದಲ್ಲಿ ಹೇಳಿದ್ದಾರೆ ಅಂತ ಅಂಗಳ ಒದ್ದೆಯಾಗುತ್ತಿರುವಾಗ ಅಡಿಕೆ ಹೊರಗೆ ಬಿಡುತ್ತೀರಾ? ಜೀನ್ ಅಂಕ ಮುನ್ಸೂಚನೆ, ಎಚ್‌ಬಿಎ1ಸಿ ಅಂಗಳ. 5.7ರಿಂದ 6.4 ಅಂದರೆ ಸಕ್ಕರೆ ಕಾಯಿಲೆಯ ಹೊಸಿಲು, 6.5 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಒಳಗೆ. ನೀವು 6.3. ರಕ್ತಹೀನತೆ ಇದ್ದರೆ ಈ ಸಂಖ್ಯೆ ಆಚೀಚೆ ಆಗುತ್ತದೆ, ಆದ್ದರಿಂದ ಖಾಲಿ ಹೊಟ್ಟೆಯ ಸಕ್ಕರೆಯನ್ನೂ ಒಮ್ಮೆ ನೋಡಿಸಿ.

ಆಂಜಿಯೋಗ್ರಾಮ್ ವಿಷಯ ಚಿಕ್ಕದು. ತೋಟದ ಏರು ಹತ್ತುವಾಗ ಎದೆ ಬಿಗಿಯುವುದು, ದಮ್ಮು ಹಿಡಿಯುವುದು ಇದ್ದರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ, ಬೇಕಾ ಅಂತ ಅವರು ಹೇಳುತ್ತಾರೆ. ಏನೂ ಇಲ್ಲದೆ ಬರೀ ಜೀನ್ ವರದಿ ಹಿಡಿದು ಮಾಡಿಸುವುದು ಬೇಡ. ರಕ್ತನಾಳದೊಳಗೆ ತೂರಿಸುವ ಪರೀಕ್ಷೆ ಅದು, ಅದರದೇ ಅಪಾಯಗಳಿವೆ.

ಅದರ ಬದಲು ಮಾಡಬಹುದಾದ್ದು ಇದೆ. ನಿಮ್ಮ ಪತ್ರದಲ್ಲಿ ಜೀನ್ ಬಗ್ಗೆ ಇಷ್ಟೆಲ್ಲ ಇದೆ, ಬಿಪಿ ಎಷ್ಟು ಅಂತ ಎಲ್ಲೂ ಇಲ್ಲ. ಬೀಡಿ, ಸಿಗರೇಟು ಉಂಟಾ ಅಂತಲೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಜಗತ್ತನ್ನು 21 ವಲಯ ಮಾಡಿ ಹೃದಯದ ಅಪಾಯದ ಪಟ್ಟಿ ಮಾಡಿಕೊಟ್ಟಿತು, ದಕ್ಷಿಣ ಏಷ್ಯಾಕ್ಕೆ ಬೇರೆಯೇ ಪಟ್ಟಿ. ರಕ್ತ ಪರೀಕ್ಷೆ ಇಲ್ಲದೆ ನೋಡುವ ಪಟ್ಟಿಗೆ ವಯಸ್ಸು, ಗಂಡೋ ಹೆಣ್ಣೋ, ಹೊಗೆ ಸೇದುತ್ತೀರಾ, ಮೇಲಿನ ಬಿಪಿ, ಎತ್ತರ ಮತ್ತು ತೂಕ ಸಾಕು. ನಿಮ್ಮ ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಇದಕ್ಕೆ ಬೇಕಾದ್ದೆಲ್ಲ ಅಳೆಯುತ್ತಾರೆ. ಆದರೆ ಆ ಪಟ್ಟಿಯಲ್ಲಿ ಮನೆತನದ ಚರಿತ್ರೆಗೆ ಜಾಗ ಇಲ್ಲ. ಅಪ್ಪನಿಗೆ 55ರ ಒಳಗೆ ಆಗಿದ್ದರೆ ಅದನ್ನು ಡಾಕ್ಟರು ಮುಖ್ಯವಾಗಿ ಪರಿಗಣಿಸುತ್ತಾರೆ. ಈಗ ತಮ್ಮನಿಗೂ ಸ್ಟೆಂಟ್ ಬಿದ್ದಿದೆ. ಈ ಎರಡನ್ನೂ ನೀವೇ ಬಾಯಿಬಿಟ್ಟು ಹೇಳಬೇಕು. ಕೊಲೆಸ್ಟ್ರಾಲ್ ಜೊತೆಗೆ, ರಕ್ತದಲ್ಲಿ ಕೊಬ್ಬು ಹೊರುವ ಒಂದು ಕಣವನ್ನು ಅಳೆಯುವ ಲೈಪೋಪ್ರೋಟೀನ್-ಎ ಎಂಬ ಪರೀಕ್ಷೆ ಜೀವಮಾನದಲ್ಲಿ ಒಮ್ಮೆ ಮಾಡಿಸಿದರೆ ಹೆಚ್ಚಿನವರಿಗೆ ಸಾಕು. ಅದರ ಮಟ್ಟ ಬಹುಪಾಲು ಜೀನಿನಿಂದಲೇ ಬರುವಂಥದು, ನಿಮ್ಮಲ್ಲಿ ಅದು ಜಾಸ್ತಿ ಇದೆಯಾ ಅಂತ ನೇರ ತಿಳಿಯುತ್ತದೆ. ಇಷ್ಟೆಲ್ಲ ನೋಡಿದ ಮೇಲೂ ಕೊಲೆಸ್ಟ್ರಾಲ್ ಮಾತ್ರೆ ಬೇಕೋ ಬೇಡವೋ ಅಂತ ಅನುಮಾನ ಉಳಿದರೆ ಡಾಕ್ಟರು, ಹೃದಯದ ರಕ್ತನಾಳದಲ್ಲಿ ಸುಣ್ಣ ಕಟ್ಟಿದೆಯಾ ಅಂತ ನೋಡುವ ಕ್ಯಾಲ್ಸಿಯಂ ಸ್ಕೋರ್ ಎಂಬ ಸಿಟಿ ಸ್ಕ್ಯಾನ್ ಹೇಳಬಹುದು. ಸ್ವಲ್ಪ ವಿಕಿರಣ, ಸ್ವಲ್ಪ ದುಡ್ಡು. ಆಗ ಬೇಕಿದ್ದರೆ ಆ ಕೆಂಪು ಪುಟವನ್ನೂ ತೋರಿಸಿ.

ಎಂಡೋಸಲ್ಫಾನಿನ ದಿನಗಳಿಂದ ನಮ್ಮ ಜಿಲ್ಲೆಯವರಿಗೆ ಅಂಕಿಅಂಶ ಅಂದರೆ ಒಂದು ಬಗೆಯ ಅನುಮಾನ, ಅದನ್ನು ತಪ್ಪು ಅನ್ನಲಾರೆ. ಆದರೆ ನಿಮ್ಮ ಬಿಪಿಯ ಸಂಖ್ಯೆಯನ್ನು ಯಾರೂ ದೂರದೇಶದಿಂದ ತಂದದ್ದಲ್ಲ, ಅದು ನಿಮ್ಮದೇ ತೋಳಿನದು.

ಮಗಳಿಗೆ ಈ ಪರೀಕ್ಷೆ ಬೇಡ. ನಿಮ್ಮ ಅಂಕದ ಯಾವ ಅರ್ಧ ಅವಳಿಗೆ ಬಂದಿದೆಯೋ, ಅವಳಮ್ಮನಿಂದ ಏನು ಬಂದಿದೆಯೋ, ಸಂಬಂಧ ಕುದುರಿಸುವಾಗ ಉಪಯೋಗಕ್ಕೆ ಬರುವ ಸಂಗತಿ ಅದರಲ್ಲಿ ಏನೂ ಇಲ್ಲ. ಜಾತಕದ ಜೊತೆ ಇನ್ನೊಂದು ಕಾಗದ ಸೇರಿಸಿದ ಹಾಗಾಗುತ್ತದೆ ಅಷ್ಟೆ. ಮುಂದೆ ಒಂದು ದಿನ ಅವಳೇ ಬೇಕು ಅಂದರೆ ಅದು ಅವಳ ನಿರ್ಧಾರ.

ಕೊನೆಗೆ, ಇವತ್ತೇ ತಮ್ಮನಿಗೆ ಒಂದು ಫೋನ್ ಮಾಡಿ. ಗ್ಯಾಸ್ಟ್ರಿಕ್ ಅಂತ ಬೆಳಿಗ್ಗೆ ಯಾವ ಮಾತ್ರೆ ತಿನ್ನುತ್ತಾನೆ ಅಂತ ಕೇಳಿ, ಸ್ಟ್ರಿಪ್ಪಿನ ಹಿಂದೆ ಇರುವ ಹೆಸರು ಓದಿಸಿ. ಒಮೆಪ್ರಜೋಲ್ ಅಥವಾ ಇಸೊಮೆಪ್ರಜೋಲ್ ಅಂತಿದ್ದರೆ, ಅವೆರಡೂ ಅದೇ ಕಿಣ್ವವನ್ನು ತಡೆಯುತ್ತವೆ. ಜೀನ್ ಚೆನ್ನಾಗಿದ್ದವರಲ್ಲೂ ಕ್ಲೋಪಿಡೋಗ್ರೆಲ್‌ನ ಕೆಲಸ ಕಡಿಮೆ ಆಗಬಹುದು. ಪ್ಯಾಂಟೊಪ್ರಜೋಲ್‌ನಿಂದ ಆ ತೊಂದರೆ ಕಡಿಮೆ. ಇದನ್ನೂ ತಾನಾಗಿ ಬದಲಾಯಿಸುವುದು ಬೇಡ. ಮಂಗಳೂರಿಗೆ ಮುಂದಿನ ಚೆಕಪ್‌ಗೆ ಹೋಗುವವರೆಗೆ ಕಾಯುವುದೂ ಬೇಡ. ಡಿಸ್ಚಾರ್ಜ್ ಚೀಟಿಯಲ್ಲಿ ಆಸ್ಪತ್ರೆಯ ನಂಬರ್ ಇರುತ್ತದೆ, ಫೋನಿನಲ್ಲೇ ಕೇಳಲಿ.